ನಾಲ್ಕನೇ ಗುಂಡಿ

ಮೊದಲು ಓವನ್ನಿನ ವಿಷಯ ಹೇಳಿಬಿಡುತ್ತೇನೆ.
ನೂರಹತ್ತು ಡಿಗ್ರಿ, ಎಂಟು ನಿಮಿಷ.
ಭಾನುವಾರ ಬದನೆಕಾಯಿ ಸುಟ್ಟ ತಟ್ಟೆಯ ಮೇಲೆಯೇ
ಕಾರಿನ ಎಡಗಣ್ಣನ್ನಿಟ್ಟು ಬಾಗಿಲು ಮುಚ್ಚಿದೆವು.
ಕಪ್ಪು ಅಂಟು ಮೆತ್ತಗಾಗಿ
ಬೆಲ್ಲದ ಪಾಕದಂತೆ ಎಳೆ ಎಳೆಯಾಗಿ ಬಂತು.
ಹಲಸಿನ ತೊಳೆ ಬಿಡಿಸುವ ನಾಜೂಕಿನಲ್ಲಿ
ಜ್ವೋಂಕೊ ಅದರ ಮುಖ ಬಿಡಿಸಿದ.
ಹಲಸು ಅವನು ಕಂಡವನಲ್ಲ, ಹೋಲಿಕೆ ನನ್ನದು.

ಹದಿನೆಂಟು ವರ್ಷದ ಕರೋಲ.
ವೈಯಾಲದ ಬಿಸಿಲು ಅದರ ದೀಪಗಳಿಗೆ ಪೊರೆ ಬರಿಸಿತ್ತು.
ಪೋರ್ಟ್ ಅಗಸ್ಟಾದ ಆಸ್ಪತ್ರೆಗೆ ಎಪ್ಪತ್ತೈದು ಕಿಲೋಮೀಟರ್,
ರಾತ್ರಿಪಾಳಿ, ಲ್ಯಾಬಿನಲ್ಲಿ ಯಾರದೋ ರಕ್ತ ಕಾಯುತ್ತಿರುತ್ತದೆ.
ದಾರಿಯುದ್ದ ಉಪ್ಪುಗಿಡ, ಕೆಂಪು ಮಣ್ಣು, ರೋಡ್‌ಟ್ರೇನು,
ಮತ್ತೆ, ಹೇಳದೆ ಕೇಳದೆ, ಕಾಂಗರೂ.
ಮೇ ತಿಂಗಳಲ್ಲಿ ಒಂದು ಬಂಪರಿಗೆ ಬಾಲ ಸವರಿ ಹೋದ ಮೇಲೆ
ಪಕ್ಕದ ಮನೆಯ ಶೆಡ್ಡಿಗೆ ಹೋಗಿ ಕೇಳಿದೆ.

ಉಕ್ಕಿನ ಕಾರ್ಖಾನೆಯಲ್ಲಿ ಮೂವತ್ತೊಂದು ವರ್ಷ
ಕುಲುಮೆ ನೋಡಿದ ಕಣ್ಣು ಜ್ವೋಂಕೊನದು.
ಬಲಗಣ್ಣಿಗೆ ಪೊರೆ; ಆಪರೇಷನ್ನಿನ ಸರದಿ ಮುಂದಕ್ಕೇ ಹೋಗುತ್ತಿದೆ.
ರಾತ್ರಿ ಕಾರು ಮುಟ್ಟುವುದಿಲ್ಲ.
'ಎದುರಿನವರ ಬೆಳಕು ನನ್ನ ಕಣ್ಣೊಳಗೆ ಬಂದು ಒಡೆಯುತ್ತದೆ' ಎಂದ,
ಸಾರಿಗೆ ಉಪ್ಪು ಕಡಿಮೆ ಎನ್ನುವಷ್ಟೇ ದನಿಯಲ್ಲಿ.
ಪೊರೆ ಅಂದರೆ ನಮ್ಮಲ್ಲಿ ಕಾಪಾಡು ಅಂತಲೂ ಇದೆ ಎಂದೆ.
ನಂಬಲಿಲ್ಲ.

ಬರೀ ಕ್ಸೆನಾನ್ ಬಲ್ಬನ್ನು ಹಳೆಯ ಬಟ್ಟಲಿಗೆ ತುರುಕುವವರಿದ್ದಾರೆ.
ತೂತು ಕೊಡದಲ್ಲಿ ನೀರು ಹೊತ್ತ ಹಾಗೆ,
ದಾರಿಗಿಂತ ಅಕ್ಕಪಕ್ಕಕ್ಕೇ ಹೆಚ್ಚು.
ಪ್ರೊಜೆಕ್ಟರಿನಲ್ಲಿ ಮಸೂರದ ಹಿಂದೆ
ಬೆರಳಗಲದ ಒಂದು ತಗಡು ನಿಂತಿರುತ್ತದೆ;
ಬೆಳಕಿಗೆ 'ಸಾಕು, ಇಷ್ಟೇ' ಎನ್ನುವುದು ಅದರ ಉದ್ಯೋಗ.
ಗೋಡೆಯ ಮೇಲೆ ಸೀಮೆಸುಣ್ಣದ ಗೆರೆ ಎಳೆದು ಹಚ್ಚಿದೆವು.
ನೇರಳೆ, ನೀಲಿ, ಆಮೇಲೆ ಹಾಲು.
ದೀಪದ ಬುಡ ಕತ್ತಲೆ ಅನ್ನುತ್ತಾರೆ,
ಈ ದೀಪಕ್ಕೆ ಕತ್ತಲೆಯೆಲ್ಲ ತಲೆಯ ಮೇಲೆ.

ಗೋಡೆಗೆ ನೋವಾಗುವುದಿಲ್ಲವಲ್ಲ, ಎಂದ ಜ್ವೋಂಕೊ.
ಹಿಂದಿನ ಓಣಿಯಲ್ಲಿ ಕುರ್ಚಿ ಹಾಕಿ ಕೂತ,
ಎದುರು ಬರುವ ಡ್ರೈವರಿನ ಎತ್ತರಕ್ಕೆ ಸರಿಯಾಗಿ,
ಒಳ್ಳೆಯ ಕಣ್ಣನ್ನು ಅಂಗೈಯಲ್ಲಿ ಮುಚ್ಚಿ.
ಚುಚ್ಚಿದರೆ ಇನ್ನೊಂದು ಕೈ ಎತ್ತುತ್ತೇನೆ.
ನಾನು ಮೆಲ್ಲಗೆ ಬಂದೆ.
ಎತ್ತಿದ.

ಜರ್ಮನಿಯ ಗುಜರಿ ಕಾರಿನ ಮಸೂರ ಅದು.
ಗೆರೆ ಬಲಕ್ಕೆ ಮೆಟ್ಟಿಲೇರುತ್ತಿತ್ತು.
ನಾವು ಎಡಕ್ಕೆ ಓಡಿಸುವವರು,
ನಮ್ಮ ಬಲಕ್ಕಿರುವುದು ಎದುರಿನವರ ಮುಖ.
ಮತ್ತೆ ಓವನ್ನು. ವಾರವಿಡೀ ಅಡುಗೆಮನೆಗೆ ಡಾಂಬರಿನ ವಾಸನೆ.
ಜಪಾನಿನ ಜೋಡಿ ತರಿಸಿದೆವು.
(ಕಾಗದಪತ್ರ, ಇಂಜಿನಿಯರಿನ ಸಹಿ, ಅದರದ್ದು ಬೇರೆಯೇ ಪದ್ಯವಾಗುತ್ತದೆ.)

ಎರಡನೇ ಸಲ ಕೈ ಏಳಲಿಲ್ಲ.
ಇಳಿದು ಹೋಗಿ ನೋಡಿದೆ:
ಬೆಳಕು ಚಪ್ಪಲಿ, ಮೊಣಕಾಲು, ತೊಡೆ ದಾಟಿ
ಅಂಗಿಯ ನಾಲ್ಕನೇ ಗುಂಡಿಯ ಹತ್ತಿರ ನಿಂತಿತ್ತು,
ಹೊಸ್ತಿಲಲ್ಲಿ ನಿಂತು 'ಬರಲೇ' ಎಂದು ಕೇಳುವ ಹಾಗೆ.
ಅದರ ಮೇಲೆ ಅವನ ಮುಖ, ಕತ್ತಲಲ್ಲಿ, ಅವನಿಗೇ ಸೇರಿದ್ದು.
ಏನು ಕಾಣಿಸುತ್ತೆ ಎಂದೆ.
'ಕಾರು' ಎಂದ.
ಸ್ವಲ್ಪ ಹೊತ್ತು ಬಿಟ್ಟು,
'ರಾತ್ರಿಯಲ್ಲಿ ಒಂದು ಕಾರು.'

ನಿನ್ನೆ ದೂರದಲ್ಲಿ ರೋಡ್‌ಟ್ರೇನು ಕಂಡು
ಹೈಬೀಮ್ ಇಳಿಸಿದೆ; ತಗಡು ಟಕ್ ಎಂದು ಎದ್ದು ನಿಂತಿತು.
ಆಗಲೇ, ಗೆರೆಯ ಕೆಳಗೆ,
ಎರಡು ಉದ್ದ ಪಾದ, ಒಂದು ಬಾಲ.
ಮಿಕ್ಕ ಕಾಂಗರೂ ಮೇಲೆಲ್ಲೋ ಇದ್ದಿರಬೇಕು.
ಬ್ರೇಕು ತುಳಿದು ಕೂತೆ.
ಪಾದಗಳು ಯೋಚಿಸಿದವು,
ಬೇಲಿಯ ಕಡೆಗೆ ಹೊರಟವು.
ರೋಡ್‌ಟ್ರೇನು ನನ್ನತ್ತ ಒಮ್ಮೆಯೂ ದೀಪ ಮಿಣುಕಿಸದೆ
ದಾಟಿ ಹೋಯಿತು.
ಅದರ ಗಾಳಿಗೆ ಕಾರು ಒಂದಿಷ್ಟು ತೂಗಿತು.