ಲವ್‌ಡೇ ಹೂಡಿದ್ದು

ಚಾಪೆಲಿನ ಸಭಾಂಗಣದಲ್ಲಿ ಮಡಚು ಕುರ್ಚಿ ನಲವತ್ತು,
ಬಂದವರು ಹತ್ತೊಂಬತ್ತು, ಒಂದು ನಾಯಿ.
ಗೋಡೆಗೆ ಬೆಳಕು ಚೆಲ್ಲಿ ಕಂಪನಿಯ ಹುಡುಗ
ಭೂಮಿಯನ್ನು ಈರುಳ್ಳಿಯಂತೆ ಸೀಳಿ ತೋರಿಸಿದ:
ಮೇಲೆ ಹಸಿರು, ಕೆಳಗೆ ಬೂದು, ಅದರ ಕೆಳಗೆ
ಕೆಂಡದ ಬಣ್ಣ ಬಳಿದ ಗ್ರಾನೈಟು.
ಐದು ಕಿಲೋಮೀಟರ್ ಇಳಿದರೆ
ನೂರ ಎಂಬತ್ತು ಡಿಗ್ರಿ, ಎಂದ.
ತಣ್ಣೀರನ್ನು ಒಂದು ಬಾವಿಯಲ್ಲಿ ಇಳಿಸಿ
ಬಿಸಿಯಾದದ್ದನ್ನು ಇನ್ನೊಂದರಲ್ಲಿ ಎತ್ತುವುದು,
ಅಷ್ಟೇ. ಕನಿಷ್ಠ ಹೂಡಿಕೆ ನೂರು ಪೌಂಡು.
ಕೊನೆಯ ಪುಟದ ಸಣ್ಣ ಅಕ್ಷರವನ್ನು ಮಾತ್ರ
ಉಸಿರು ಬಿಗಿಹಿಡಿದು ಓದಿದ:
ನಿಮ್ಮ ಹಣವೆಲ್ಲ ಮುಳುಗಲೂಬಹುದು.

ಮುಳುಗೋದು ನಮಗೆ ಹೊಸದಲ್ಲ, ಎಂದಳು
ಮೂರನೇ ಸಾಲಿನ ಲವ್‌ಡೇ ನಾನ್‌ಕ್ಯಾರೊ.
ಯಾರೂ ನಗಲಿಲ್ಲ.
ಗಣಿ ಮುಚ್ಚಿದ ದಿನ ಪಂಪು ನಿಂತದ್ದು
ಅಲ್ಲಿದ್ದ ಮುದುಕರ ಕಿವಿಯಲ್ಲಿ ಇನ್ನೂ ಇತ್ತು:
ಅಷ್ಟು ವರ್ಷ ಗುಡುಗಿದ್ದು
ಉಗುಳು ನುಂಗಿದಂತೆ ತೆಪ್ಪಗಾದದ್ದು,
ನೀರು ಒಂದೊಂದೇ ಅಂತಸ್ತು ಹತ್ತಿಬಂದು
ಏಣಿ, ಹಳಿ, ಮರೆತ ಊಟದ ಡಬ್ಬಿ ಎಲ್ಲ ಕುಡಿದದ್ದು.

ಕಾರ್ನ್‌ವಾಲಿನ ತುದಿ, ತವರದ ಊರು.
ಅವಳ ತವರೂರೂ ಹೌದು.
ಗಂಡ ಡಿಗರಿ ಇಪ್ಪತ್ತಾರು ವರ್ಷ ಇಳಿದ, ಹತ್ತಿದ.
ತಳದ ಬಂಡೆಗೆ ಬೆನ್ನು ತಾಗಿಸಿದರೆ
ಆಗಷ್ಟೇ ಯಾರೋ ಎದ್ದುಹೋದ ಹಾಸಿಗೆಯ ಹಾಗಿರುತ್ತದೆ,
ಎಂದಿದ್ದ ಒಮ್ಮೆ. ಒಮ್ಮೆ ಮಾತ್ರ.
ಅದಕ್ಕಿಂತ ಉದ್ದದ ಮಾತು ಅವನಾಡಿದ್ದು ಅವಳಿಗೆ ನೆನಪಿಲ್ಲ.

ಮೈದುನ ಜೋರಿ ದಾರಿಯುದ್ದಕ್ಕೂ ಗೊಣಗಿದ:
ಬೆಟ್ಟ ಅಗೆದು ಇಲಿ ಹಿಡಿದವರನ್ನು ಕಂಡಿದ್ದೇನೆ,
ಇವರು ಇಲಿಯನ್ನೂ ಆವಿ ಮಾಡಿ ಮಾರುತ್ತಾರೆ.
ನೀರಲ್ಲಿ ಹೋಮ, ಅತ್ತಿಗೆ, ಇದು ನೀರಲ್ಲಿ ಹೋಮ.
ಅವಳು: ಹೌದಲ್ಲ, ಅದೇ ತಾನೆ ಆ ಹುಡುಗ ಹೇಳಿದ್ದೂ?
ನೀರು ಸುರಿದರೆ ಬೆಂಕಿ ಸಿಗುತ್ತೆ ಅಂತ.

ಹೂಡುವುದು ಎಂಬ ಮಾತಿಗೆ ಎಷ್ಟು ಕೈ!
ನೇಗಿಲು ಹೂಡುತ್ತಾರೆ, ಬಾಣ ಹೂಡುತ್ತಾರೆ,
ದಾವೆ ಹೂಡುತ್ತಾರೆ, ಮೂರು ಕಲ್ಲಿಟ್ಟು ಒಲೆ ಹೂಡುತ್ತಾರೆ.
ಲವ್‌ಡೇಗೆ ನಮ್ಮ ಈ ಮಾತು ಗೊತ್ತಿಲ್ಲ.
ಅಡುಗೆಮನೆಯ ಮೇಜಿನ ಮೇಲೆ ಅರ್ಜಿ ಹರಡಿ,
ಕನ್ನಡಕ ಒರೆಸಿ,
ಡಿಗರಿಯ ಶ್ವಾಸಕೋಶಕ್ಕೆಂದು ಗಣಿಯವರು ಕೊಟ್ಟ ಪರಿಹಾರದಲ್ಲಿ
ಉಳಿದದ್ದು ಎಷ್ಟೋ ಅಷ್ಟನ್ನೂ ಬರೆದಳು:
ಎರಡು ಸಾವಿರದ ಮುನ್ನೂರು.
ಹೂಡಿಕೆಯ ಉದ್ದೇಶ ಎಂಬಲ್ಲಿ ನಾಲ್ಕು ಚೌಕ:
ಆದಾಯ, ಬೆಳವಣಿಗೆ, ಪರಿಸರ, ಇತರೆ.
ಇತರೆಗೆ ಗುರುತು ಹಾಕಿ
ವಿವರಿಸಿ ಎಂಬ ಗೆರೆಯನ್ನು ಖಾಲಿ ಬಿಟ್ಟಳು.

ಕೊರೆದರು. ಹಗಲೂ ರಾತ್ರಿ, ಹದಿನಾಲ್ಕು ತಿಂಗಳು.
ವಜ್ರದ ಹಲ್ಲು ಮೂರು ಸಲ ಮುರಿಯಿತು.
ಷೇರುದಾರರಿಗೆ ಬಂದ ಪತ್ರಗಳಲ್ಲಿ
ಅನಿರೀಕ್ಷಿತ ಎಂಬ ಪದ ಮತ್ತೆ ಮತ್ತೆ ಬಂತು.
ನೀರು ಒತ್ತಿದ ಮೊದಲ ವಾರ, ನಡುರಾತ್ರಿ,
ಕಪಾಟಿನ ಬಸಿಗಳು ಕಿಣಿಕಿಣಿ ಅಂದವು, ಮೂರೇ ಕ್ಷಣ.
ಬೆಳಿಗ್ಗೆ ಊರೆಲ್ಲ ಗದ್ದಲ: ಭೂಕಂಪ, ದೂರು, ರೇಡಿಯೋ;
ಜೋರಿ ಗೋಡೆಯ ಹಳೇ ಬಿರುಕನ್ನು ಹೊಸದೆಂದು ಅಳೆದ.
ಲವ್‌ಡೇ ಮಾತ್ರ ಆ ಹೊತ್ತು ಹಾಸಿಗೆಯಲ್ಲೇ ಎದ್ದು ಕೂತು
ಕತ್ತಲಿಗೆ ಹೇಳಿದ್ದಳು: ಬಡ್ಡಿ ಬಂತು.

ಲಾಭಾಂಶ ಈ ವರ್ಷವೂ ಇಲ್ಲ.
ಅಂದುಕೊಂಡದ್ದರ ಅರ್ಧ ನೀರು ಮೇಲೆ ಬರುತ್ತಿದೆ,
ಆದರೆ ಬರುತ್ತಿದೆ; ಶಾಲೆಯ ಈಜುಕೊಳ
ಮತ್ತು ಟೊಮೆಟೊ ಬೆಳೆಯುವ ಒಂದು ಗಾಜಿನಮನೆ ಬೆಚ್ಚಗಿವೆ.
ಫೆಬ್ರವರಿಯಲ್ಲಿ ಬಸ್ಸು ಹಿಡಿದು ನೋಡಲು ಹೋದಳು.
ಸಮುದ್ರದ ಗಾಳಿ, ತಂತಿಬೇಲಿ, ಉದ್ದನೆಯ ಬೆಳ್ಳಿಬಣ್ಣದ ಕೊಳವೆ.
ಷೇರುಪತ್ರ ತೋರಿಸಿದ್ದಕ್ಕೆ ಕಾವಲಿನ ಹುಡುಗಿ ಒಳಬಿಟ್ಟಳು.
ಕೈಗವಸು ಕಳಚಿ ಕೊಳವೆಗೆ ಅಂಗೈ ಇಟ್ಟಳು.

ತಣ್ಣಗಿತ್ತು.

ತಣ್ಣಗಿದ್ದರೇ ಒಳ್ಳೇದು, ಅಂದಳು ಹುಡುಗಿ,
ಒಳಗಿನದು ಸೋರುತ್ತಿಲ್ಲ ಅಂತ ಲೆಕ್ಕ.
ಲವ್‌ಡೇ ತುಸು ಹೊತ್ತು ಕೈ ತೆಗೆಯಲಿಲ್ಲ.
ಗೊತ್ತು, ಅಂದಳು.
ಅಂಥವನ ಜೊತೆ ನಲವತ್ತು ವರ್ಷ ಬಾಳಿದ್ದೇನೆ.