ಹನ್ನೆರಡು ದಿನ ಕಮ್ಮಿ

ಜೂನ್ ಒಂದಕ್ಕೆ ಆರು ತುಂಬಿರಬೇಕು, ಅಂದರು ಶಾಲೆಯಲ್ಲಿ.
ಇವನಿಗೆ ಹನ್ನೆರಡು ದಿನ ಕಮ್ಮಿ.
ಅಳತೆಯ ಮಾತು ನನಗೆ ಹೊಸದಲ್ಲ.
ಅರ್ಧ ಇಂಚು ಸಾಲದಿದ್ದರೆ
ಕಂಕುಳ ಹೊಲಿಗೆ ಬಿಚ್ಚಿ ಸಡಿಲ ಬಿಡುತ್ತೇನೆ;
ಹನ್ನೆರಡು ದಿನವನ್ನು ಎಲ್ಲಿಂದ ಬಿಚ್ಚಲಿ?
ಗಾಂಧಿಬಜಾರಿನ ಹಿಂದಿನ ಗಲ್ಲಿಗೆ
ವಾಪಸು ಕರಕೊಂಡು ಬಂದೆ.
ಕಟಿಂಗ್ ಟೇಬಲ್ಲಿನ ಕೆಳಗೆ
ಒಂದು ವರ್ಷದ ಶಾಲೆ ತೆರೆಯಿತು.

ಹಾಜರಿ ಒಬ್ಬ. ಪುಸ್ತಕದಲ್ಲಿ ಪಾಂಡುರಂಗ,
ಕೂಗುವಾಗ ಪಾಂಡು.

ಮೊದಲ ಪಾಠ ಗುಂಡಿ ಡಬ್ಬಿಯದು.
ಎರಡು ತೂತಿನವು ಬೇರೆ, ನಾಲ್ಕು ತೂತಿನವು ಬೇರೆ.
ತೂತೇ ಇಲ್ಲದ್ದೊಂದು ಸಿಕ್ಕಿತು,
ಯಾರದೋ ಕೋಟಿನದು, ಬೆನ್ನಿಗೊಂದು ಕೊಕ್ಕೆ.
ಯಾವ ಗುಂಪಿಗೂ ಸೇರಿಸದೆ
ಜೇಬಿಗೆ ಹಾಕಿಕೊಂಡ.
ಮೂರು ಗುಂಡಿ ಸಾಲಾಗಿಟ್ಟು
ಕಿರುಬೆರಳಲ್ಲಿ ತೂತು ಮುಟ್ಟಿ ಮುಟ್ಟಿ ಎಣಿಸಿ
ತಲೆ ಎತ್ತಿದ:
"ಅಮ್ಮಾ, ನಾನು ಬರೀ ಮೂರು ಗುಂಡಿ ಕಮ್ಮಿ."

ಬುಧವಾರ ಅಕ್ಷರ.
ಲೈನಿಂಗ್ ಬಟ್ಟೆಯ ಎಳೆಯೊಂದನ್ನು
ಅವನ ತುಟಿಯ ಮುಂದೆ ಇಳಿಬಿಟ್ಟೆ.
ಪ ಅನ್ನು. ಎಳೆ ಸುಮ್ಮನಿತ್ತು.
ಫ ಅನ್ನು. ಎಳೆ ಹಾರಿ ಓಡಿತು.
"ಈಗ ನೀನು ಭ ಅನ್ನು" ಅಂದ.
ನನ್ನ ತವರು ಭದ್ರಾವತಿ.
ಅಂದೆ. ಎಳೆ ಗೋಡೆಯ ಹಾಗೆ ನಿಂತಿತ್ತು.
ಬದ್ರಾವತಿ, ಬದ್ರಾವತಿ...
ಮೂವತ್ತನಾಲ್ಕು ವರ್ಷ ಹುಟ್ಟಿದ ಊರನ್ನು
ಹೊಟ್ಟೆ ಸೀಳದೆಯೇ ಕರೆದಿದ್ದೆ!
ಇಬ್ಬರೂ ಉಸಿರು ತುಂಬಿಕೊಂಡು ಕೂತೆವು.
ಐದನೆಯ ಸಲಕ್ಕೆ ಎಳೆ ನಡುಗಿತು.
ಬ್ಲೌಸ್ ಪೀಸ್ ಕೊಡಲು ಬಂದ ಜೈಬುನ್ನೀಸಾ
ಬಾಗಿಲಲ್ಲೇ ನಿಂತು,
"ಒಲೆ ಎಲ್ಲಿದೆ, ಊದ್ತಿದೀರಲ್ಲ?" ಅಂದಳು.

ಟೇಪು ನೆಲಕ್ಕೆ ಹಾಸಿದರೆ ಅವನು ಕಪ್ಪೆ.
ಐದರಿಂದ ಹತ್ತಕ್ಕೆ, ಹತ್ತರಿಂದ ಹದಿನೈದಕ್ಕೆ,
ಅರವತ್ತರಲ್ಲಿ ಬಾಗಿಲಿಗೆ ಡಿಕ್ಕಿ.
ಗಿರಾಕಿಗೆ ಮುಕ್ಕಾಲು ಮೀಟರ್ ಅಂದಾಗ ಮಾತ್ರ
ಕುಪ್ಪಳಿಸುವುದು ನಿಲ್ಲಿಸಿ ಕೇಳಿದ,
"ಇನ್ನೊಂದು ಕಾಲು ಯಾರು ತಗೊಂಡರು?"
ಗಲ್ಲಿಯ ಕುಂಟುನಾಯಿಯನ್ನು ತೋರಿಸಿದೆ.
ಅಂದಿನಿಂದ ಅದರ ಹೆಸರೇ ಮುಕ್ಕಾಲು.
ಬಿಸ್ಕತ್ತೂ ಅದಕ್ಕೆ ಲೆಕ್ಕದ ಪ್ರಕಾರ ಮೂರೇ.

ಸೊನ್ನೆಯ ದಿನ ನಾನು ಸೋತೆ.
ಬೆಳಿಗ್ಗೆ ಖಾಲಿ ಬಾಬಿನ್ ತೋರಿಸಿ
ನೋಡು, ಏನೂ ಇಲ್ಲ, ಅದೇ ಸೊನ್ನೆ ಅಂದಿದ್ದೆ.
ಮಧ್ಯಾಹ್ನ ಗಂಟೆ ಬರೆಸುವಾಗ
ಗ ಪಕ್ಕ ಒಂದು ಸೊನ್ನೆ ಇಡು ಅಂದೆ.
ಸೀಮೆಸುಣ್ಣ ಕೆಳಗಿಟ್ಟ.
"ಏನೂ ಇಲ್ಲದ್ದು ಗುಂಯ್ ಅಂತ ಹೇಗೆ ಅನ್ನುತ್ತೆ?"

ಪೆಡಲ್ ನಿಲ್ಲಿಸಿದೆ.
ಉತ್ತರ ನನಗೂ ಗೊತ್ತಿರಲಿಲ್ಲ.

ಅವನೇ ಹುಡುಕಹೊರಟ, ನೆಲದ ತುಂಬಾ.
ಮಂಗ ಬರೆದ. ಅಂಗೈಯಲ್ಲಿ ಸೊನ್ನೆ ಒರೆಸಿದ. ಮಗ.
ನಕ್ಕು ನಕ್ಕು ಟೇಬಲ್ಲಿಗೆ ತಲೆ ಬಡಿಸಿಕೊಂಡ.
ಒಂದು ಬರೆದ. ಒಂದರ ಹೊಟ್ಟೆಯಲ್ಲೇ ಸೊನ್ನೆ!
ಎಂಟರಲ್ಲಿ, ಒಂಬತ್ತರಲ್ಲಿ. ಎರಡರಲ್ಲಿ ಇಲ್ಲ, ಪಾಪ.
ತುಂಗೆಯಲ್ಲಿದೆ, ಭದ್ರೆಯಲ್ಲಿಲ್ಲ.
"ಭದ್ರೆಗೆ ಯಾಕಿಲ್ಲ?"
ಹೊಟ್ಟೆ ಸೀಳಿಸಿಕೊಂಡದ್ದೇ ಅವಳಿಗೆ ಸಾಕಾಗಿದೆ ಅಂದೆ.
ಕೊನೆಗೆ ತನ್ನ ಹೆಸರು ಬರೆದು
ಮೊದಲ ಸೊನ್ನೆಯನ್ನು ಬೆರಳಲ್ಲಿ ಮುಚ್ಚಿ
ನಿಧಾನ ಓದಿದ: ಪಾ... ಡು.
"ಹಾಗಂದರೆ?"
ಹಾಡು ಅಂತ, ಅಂದೆ.
ಇನ್ನೊಂದು ಅರ್ಥ ಗೋಡೆಯ ಮೊಳೆಗೆ ಸಿಕ್ಕಿಸಿತ್ತು,
ಮೂರು ತಿಂಗಳ ಬಾಡಿಗೆ ಚೀಟಿ.
ಅದನ್ನು ಓದಲು ಅವನಿಗಿನ್ನೂ ಬರುತ್ತಿರಲಿಲ್ಲ.

ಮತ್ತೆ ಜೂನ್ ಬಂತು.
ಆರು ತುಂಬಿ, ಮೇಲೆ
ಮುನ್ನೂರ ಐವತ್ತಮೂರು ದಿನ ಜಾಸ್ತಿ.
ಕಮ್ಮಿಯಾದಾಗ ಎಣಿಸಿದವರು
ಜಾಸ್ತಿಯಾದದ್ದನ್ನು ಕೇಳಲಿಲ್ಲ, ಸಹಿ ಮಾಡಿಸಿಕೊಂಡರು.
ಯೂನಿಫಾರ್ಮಿನ ಚಡ್ಡಿ ನಾನೇ ಹೊಲಿದೆ.
ಎರಡಿಂಚು ಬಟ್ಟೆ ಒಳಕ್ಕೆ ಮಡಚಿದ್ದೇನೆ.
ಬೇಕಾದಾಗ ಬಿಚ್ಚಿದರಾಯಿತು.