ಒಲೆಗೊಂದು ಟೊಪ್ಪಿ

ನಮ್ಮಲ್ಲಿ ಅದನ್ನು ಟೊಪ್ಪಿ ಅಂತಲೇ ಕರೆಯುವುದು.
ಗ್ಯಾಸ್ ಒಲೆಯ ನೆತ್ತಿಗೆ ಉಕ್ಕಿನ ಟೊಪ್ಪಿ;
ಆವಿ, ಜಿಡ್ಡು, ಈರುಳ್ಳಿಯ ಘಾಟು ಹೀರಿ
ಗೋಡೆಯಾಚೆ ಉಗುಳುತ್ತದೆ.

ಮೂವತ್ತೊಂದು ವರ್ಷ ಕೆಮ್ನಿಟ್ಸ್ ಊರಿನ ಬಸ್ಸು ಓಡಿಸಿದ ವೋಲ್ಕ್ಮಾರ್
ನಿವೃತ್ತಿಯ ದುಡ್ಡಲ್ಲಿ ಮೊದಲು ತಂದದ್ದು ಇದನ್ನೇ.
ಕೈಪಿಡಿ ಓದಿದ, ಕನ್ನಡಕ ಒರೆಸಿ ಮತ್ತೊಮ್ಮೆ ಓದಿದ:
ಉರಿಯಿಂದ ಅರವತ್ತೈದು ಸೆಂಟಿಮೀಟರ್.
ಇಳಿದರೆ ಜಿಡ್ಡಿಗೆ ಬೆಂಕಿ,
ತೀರಾ ಏರಿದರೆ ಆವಿಗೆ ದಾರಿ ಮರೆಯುತ್ತದೆ.
ಮೇನ್ ಆರಿಸಿದ. ಗೋಡೆಯೊಳಗಿನ ತಂತಿ ಹುಡುಕುವ ಪೆಟ್ಟಿಗೆ
ಪಕ್ಕದ ಮನೆಯಿಂದ ಕಡ ತಂದ.
ಪೆನ್ಸಿಲ್ಲಲ್ಲಿ ಗೀಟೆಳೆದು, "ಗುಂಡುಲಾ, ಹಿಡಿ" ಅಂದ.
ಹಿಡಿದೆ. ಹದಿನಾಲ್ಕು ಕಿಲೋ.
ನಾಲ್ಕು ತಿರುಪು ಬಿಗಿಯುವ ಹೊತ್ತಿಗೆ
ನನ್ನ ಭುಜ ನನ್ನದಾಗಿ ಉಳಿದಿರಲಿಲ್ಲ.

ಕೊಳವೆಗೆ ಒಂದೇ ತಿರುವು, ಸುಕ್ಕಿಲ್ಲ.
ಹೊರಗೋಡೆಯ ತಗಡಿನ ರೆಪ್ಪೆ
ಗಾಳಿ ಬಂದಾಗಲೆಲ್ಲ ಟಕ್, ಟಕ್.
ಆ ಸಂಜೆ ಪತ್ರಿಕೆಯ ಹಾಳೆ ಹರಿದು ಜಾಲರಿಗೆ ಹಿಡಿದು
ಮೂರನೇ ಗುಂಡಿ ಒತ್ತಿದ.
ಹಾಳೆ ಕಚ್ಚಿಕೊಂಡಿತು, ಬೀಳಲಿಲ್ಲ.
"ನೋಡಿದೆಯಾ?" ಅಂದ, ಮದುವಣಿಗನ ಹಾಗೆ.

ನಡುಮನೆಯಲ್ಲಿ ಅವನ ಅಜ್ಜನ ಕಾಲದ
ಹಸಿರು ಬಿಲ್ಲೆಗಳ ಸೌದೆ ಒಲೆ.
ಅದನ್ನು ಯಾರೂ ಒಂದು ಮಾತು ಕೇಳಲಿಲ್ಲ.

ಡಿಸೆಂಬರ್ ಪೂರ್ತಿ ತಲೆನೋವು.
ಹಬ್ಬದ ಬಿಸಿ ವೈನಿನ ಮೇಲೆ ಹೊರಿಸಿದೆವು.

ಜನವರಿಯಲ್ಲಿ ಹೊಗೆಗೂಡು ಗುಡಿಸುವ ಯೆಂಟ್ಷ್ ಬಂದಳು.
ಕರಿ ಕೋಟು, ಎರಡು ಸಾಲು ಹಿತ್ತಾಳೆ ಗುಂಡಿ.
ಒಂದನ್ನು ಮುಟ್ಟಿದೆ, ಅದೃಷ್ಟಕ್ಕೆ. ಎಲ್ಲರೂ ಮುಟ್ಟುತ್ತಾರೆ,
ಅವಳು ಬೇಸರಿಸುವುದಿಲ್ಲ.
"ಕಿಟಕಿ ಮುಚ್ಚಿ. ಟೊಪ್ಪಿ ಮೂರಕ್ಕೆ ಹಾಕಿ."
ಊದಿನ ಕಡ್ಡಿಯಂಥದ್ದೊಂದನ್ನು ಹಚ್ಚಿ
ಸೌದೆ ಒಲೆಯ ಬಾಯಿಗೆ ಹಿಡಿದಳು.
ಒಳಗೆ ಹೋಗಬೇಕಿದ್ದ ಹೊಗೆಯ ಎಳೆ
ಒಂದು ಗಳಿಗೆ ಯೋಚಿಸಿತು,
ಬಾಗಿತು,
ನಮ್ಮ ಕಡೆ ನಡೆದು ಬಂತು.

ಅವಳು ಮಾತಾಡಲಿಲ್ಲ. ಮೊದಲು ಟೊಪ್ಪಿ ಆರಿಸಿ
ಕಿಟಕಿ ಪೂರಾ ತೆರೆದಳು. ಆಮೇಲೆ:
"ಇದಕ್ಕೆ ಗಾಳಿಯ ದಾಹ. ಕಿಟಕಿ ಕುಡಿಸದಿದ್ದರೆ
ಹೊಗೆಗೂಡಿನಿಂದ ಕುಡಿಯುತ್ತದೆ.
ಕಣ್ಣು ಉರಿಸುವ ಹೊಗೆ ಒಳ್ಳೆಯದು, ಎಬ್ಬಿಸುತ್ತದೆ.
ಅದರ ಜೊತೆ ಇನ್ನೊಂದು ಬರುತ್ತದೆ,
ಬಣ್ಣವಿಲ್ಲ, ವಾಸನೆಯಿಲ್ಲ. ಅದು ಮಲಗಿಸುತ್ತದೆ."

ವೋಲ್ಕ್ಮಾರ್ ನನ್ನ ಹಣೆ ನೋಡಿದ.
ನಾನು ಅವನದು.

ಈಗ ಕಿಟಕಿಯ ಚೌಕಟ್ಟಿಗೆ ಒಂದು ಸ್ವಿಚ್ಚು, ಎರಡು ಬಿಳಿ ಗುಬುಟು:
ಕಿಟಕಿ ತೆರೆದರೆ ಮಾತ್ರ ಟೊಪ್ಪಿಗೆ ಜೀವ.
ನಡುಮನೆಯಲ್ಲಿ ಚೀರುವ ಪುಟ್ಟ ಪೆಟ್ಟಿಗೆಯೊಂದು,
ಇನ್ನೂ ಚೀರಿಲ್ಲ.
ಸೊನ್ನೆಗಿಂತ ಎಂಟು ಡಿಗ್ರಿ ಕೆಳಗೆ
ನಾನು ಉಣ್ಣೆ ಟೊಪ್ಪಿ ಹಾಕಿಕೊಂಡು ಆಲೂಗಡ್ಡೆ ರೊಟ್ಟಿ ಕರಿಯುತ್ತೇನೆ,
ತಿಂಗಳಿಗೊಮ್ಮೆ ಜಾಲರಿ ಕಳಚಿ
ಸೋಡಾಪುಡಿಯ ಬಿಸಿನೀರಲ್ಲಿ ನೆನೆಹಾಕುತ್ತೇನೆ.
ನೀರು ಜೇನಿನ ಬಣ್ಣಕ್ಕೆ ತಿರುಗುತ್ತದೆ. ಮೂಸಿದರೆ ಜೇನಲ್ಲ.

ಮೊನ್ನೆ ಅಂಗಡಿಯಿಂದ ಬಂದೆ. ಕಿಟಕಿ ಮುಚ್ಚಿದೆ,
ನಡುಮನೆಯಲ್ಲಿ ಸೌದೆ ಚಟಪಟ,
ಟೊಪ್ಪಿ ಗುರ್ ಅನ್ನುತ್ತಿದೆ.
ಬರೀ ಅಂಗಿಯಲ್ಲಿ ನಿಂತು ವೋಲ್ಕ್ಮಾರ್
ಸಾಸೇಜು ಹುರಿಯುತ್ತಿದ್ದಾನೆ, ಸಿಳ್ಳೆ ಬೇರೆ.
ಸ್ವಿಚ್ಚಿನ ಮೇಲೆ ಟೇಪು ಸುತ್ತಿದ ಅಯಸ್ಕಾಂತ:
ನಾವು ಸಮುದ್ರಕ್ಕೆ ಹೋದಾಗ ಕೊಂಡು
ಫ್ರಿಜ್ಜಿಗೆ ಅಂಟಿಸಿದ್ದ ದೀಪಸ್ತಂಭ.

ಯಾರಿಗೆ ಟೊಪ್ಪಿ ಹಾಕಿದೆ, ಮಾರಾಯ,
ಯೆಂಟ್ಷಳಿಗಾ?

ಬಾಯಿಬಿಟ್ಟು ಹೇಳಲಿಲ್ಲ. ಟೇಪು ಬಿಡಿಸಿದೆ.
ಟೊಪ್ಪಿ ಗಕ್ಕನೆ ನಿಂತಿತು, ಸಿಳ್ಳೆಯೂ.
ದೀಪಸ್ತಂಭವನ್ನು ಫ್ರಿಜ್ಜಿನ ಮೇಲೆ ಅದರ ಜಾಗದಲ್ಲೇ ಇಟ್ಟು
ಕಿಟಕಿ ತೆರೆದೆ.
ಹಿಮದ ಹರಳು ನಾಲ್ಕಾರು ಹಾರಿ ಬಂದು
ಬಾಣಲೆಯ ಎಣ್ಣೆಯಲ್ಲಿ ಚುರ್ ಅಂದವು.
ಅವನು ಉರಿ ಸಣ್ಣ ಮಾಡಿ,
ಗೂಟದಲ್ಲಿದ್ದ ಉಣ್ಣೆ ಟೊಪ್ಪಿಯತ್ತ ಕೈ ಚಾಚಿದ.
ಅದು ನನ್ನದು. ಇರಲಿ, ಹಾಕಿಕೊಳ್ಳಲಿ.